ಸಂಸಾರ ಒಡೆದಾಗ ಅಂಗಡಿ ಯಾರದ್ದು?

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಮನೆಮಂದಿಗೆಲ್ಲ ಕೆಲಸ. ಗಂಡ ಖೇಣಿ ಹಿಡಿದು ತೋಟ ಸುತ್ತುತ್ತಿದ್ದರೆ, ಸುಲಿಯುವವರ ಲೆಕ್ಕ, ಬೇಯಿಸುವ ಹಂಡೆ, ಒಣಹಾಕಿದ ಅಡಿಕೆಯ ಕಾವಲು, ಆಳುಗಳ ಊಟ ಎಲ್ಲವೂ ಹೆಂಡತಿಯ ಪಾಲಿಗೆ. ಲೈಸೆನ್ಸು, ಬ್ಯಾಂಕ್ ಖಾತೆ, ಮಂಡಿಯ ಪಟ್ಟಿ ಮಾತ್ರ ಗಂಡನ ಹೆಸರಿನಲ್ಲಿ. ಹತ್ತಾರು ವರ್ಷ ಹೀಗೆ ದುಡಿದ ದಂಪತಿಯ ನಡುವೆ ವಿಚ್ಛೇದನದ ಮಾತು ಬಂದರೆ ಆ ವ್ಯಾಪಾರದಲ್ಲಿ ಆಕೆಯದೆಷ್ಟು?

ಅರ್ಧ ಎಂದು ನಂಬಿದವರು ಬಹಳ. ಅದು ತಪ್ಪು ತಿಳಿವಳಿಕೆ. ಮದುವೆಯ ನಂತರ ಗಳಿಸಿದ್ದನ್ನು ಸರಿಸಮ ಹಂಚುವ ಪದ್ಧತಿ ಅಮೆರಿಕದ ಕ್ಯಾಲಿಫೋರ್ನಿಯಾದಂಥ ಕಡೆ ಇದೆ, ನಮ್ಮಲ್ಲಿಲ್ಲ. ಸ್ತ್ರೀಧನ ಆಕೆಯದು. ಪಾಲುದಾರಿಕೆ ಪತ್ರದಲ್ಲಿ ಹೆಸರಿದ್ದರೆ 1932ರ ಪಾಲುದಾರಿಕೆ ಕಾಯಿದೆಯಂತೆ ತನ್ನ ಪಾಲು ಕೇಳಬಹುದು. ಹೆಸರಿಲ್ಲದಿದ್ದರೆ ಸಾಮಾನ್ಯವಾಗಿ ಉಳಿಯುವುದು ಜೀವನಾಂಶವೊಂದೇ. ಹಂಡೆಯ ಮುಂದೆ ಕಳೆದ ವರ್ಷಗಳಿಗೆ ಪತ್ರವೆಲ್ಲಿಂದ ಬರಬೇಕು? ಇದು ಕಾನೂನಿನ ಕೊರತೆಯೇ ಸರಿ. ಮಕ್ಕಳ ಮಾತು ಬೇರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು 1994ರ ಕರ್ನಾಟಕದ ತಿದ್ದುಪಡಿಯೂ 2005ರ ಕೇಂದ್ರದ ತಿದ್ದುಪಡಿಯೂ ಹೇಳಿವೆ. ಅಪ್ಪ-ಅಮ್ಮ ಬೇರೆಯಾದರೆಂದು ಆ ಹಕ್ಕು ಅಳಿಯದು.

ಜೀವನಾಂಶ ಎಷ್ಟು? ಇಲ್ಲಿ ಶಾಲೆಯ ಲಾಭ-ನಷ್ಟದ ಲೆಕ್ಕವೇ ಬೇಕು. ಹೊನ್ನಾಳಿಯಲ್ಲಿ ಅಣ್ಣ-ತಮ್ಮಂದಿರ ಒಂದು ಗೊಬ್ಬರದ ಅಂಗಡಿ ಎಂದು ಊಹಿಸಬಹುದು. ವರ್ಷದ ವಹಿವಾಟು 60 ಲಕ್ಷ ರೂಪಾಯಿ. ಹೆಂಡತಿಯ ಕಣ್ಣಿಗೆ ಬೀಳುವುದು ಈ ಅಂಕಿ. ಸರಕಿನ ಬೆಲೆ, ಬಾಡಿಗೆ, ಕೂಲಿ, ಬಡ್ಡಿ ಸೇರಿ 54 ಲಕ್ಷ ಕಳೆದರೆ ಉಳಿಯುವುದು 6 ಲಕ್ಷ. ಇಬ್ಬರಿಗೆ ಹಂಚಿದರೆ ತಲಾ 3 ಲಕ್ಷ, ಅಂದರೆ ತಿಂಗಳಿಗೆ 25 ಸಾವಿರ. 2017ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಗಂಡನ ನಿವ್ವಳ ಸಂಬಳದ ಶೇಕಡಾ 25ರಷ್ಟು ನ್ಯಾಯಯುತ ಎಂದಿತು. ಆ ಅಳತೆಯಲ್ಲಿ ಇಲ್ಲಿ ಸಿಗುವುದು 6,250 ರೂಪಾಯಿ. ಆದರೆ ಅದು ಸೂತ್ರವಲ್ಲ. ಆಕೆಯ ಸಂಪಾದನೆ, ಮಕ್ಕಳ ಓದು, ಕಾಯಿಲೆ, ಮದುವೆಯಾಗಿದ್ದಾಗಿನ ಜೀವನಮಟ್ಟ ಎಲ್ಲವನ್ನೂ ನ್ಯಾಯಾಲಯ ತೂಗುತ್ತದೆ.

ಕಷ್ಟವಿರುವುದು ಆ 54 ಲಕ್ಷವನ್ನು ನಂಬುವುದರಲ್ಲಿ. ಚೀಟಿಯಲ್ಲಿ ನಡೆಯುವ ವ್ಯಾಪಾರಕ್ಕೆ ಪುಸ್ತಕವಿಲ್ಲ, ಕೃಷಿ ಆದಾಯಕ್ಕೆ ತೆರಿಗೆಯೂ ಇಲ್ಲ. ಆದ್ದರಿಂದಲೇ 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡ-ಹೆಂಡತಿ ಇಬ್ಬರೂ ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು ವಿಧಿಸಿತು. ಬೇಸಾಯಗಾರರಿಗೆ ಬೇರೆಯೇ ನಮೂನೆ ಇದೆ: ಭೂಮಿ ತರಿಯೋ ಖುಷ್ಕಿಯೋ, ಏನು ಬೆಳೆ, ಹಿಂದಿನ 3 ವರ್ಷಗಳ ಆದಾಯವೆಷ್ಟು. ಭದ್ರಾ ನಾಲೆಯ ನೀರುಂಡ ಚನ್ನಗಿರಿಯ ತೋಟವನ್ನೂ ಮಳೆಗೆ ಕಾಯುವ ಜಗಳೂರಿನ ಶೇಂಗಾ ಹೊಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ ಎಂದೂ ಅದೇ ತೀರ್ಪು ಹೇಳಿದೆ. ಪಹಣಿ, ಪಾಸ್‌ಬುಕ್ಕು, ಮಂಡಿಯ ಪಟ್ಟಿಗಳ ನಕಲು ಕೈಯಲ್ಲಿದ್ದರೆ ವಾದ ಚಿಕ್ಕದಾಗುತ್ತದೆ.

1955ರ ಹಿಂದೂ ವಿವಾಹ ಕಾಯಿದೆಯ 25ನೇ ಕಲಮಿನಡಿ ಗಂಡನೂ ಜೀವನಾಂಶ ಕೇಳಬಹುದು. ಕೊಡುವವರು ತಪ್ಪಿಸಿಕೊಳ್ಳದಂತೆ ಅವರ ಸ್ಥಿರಾಸ್ತಿಯ ಮೇಲೆ ಬೋಜಾ ಹಾಕಲೂ ಅವಕಾಶವಿದೆ. ಅಂಗಡಿ ನ್ಯಾಮತಿಯಲ್ಲಿದ್ದು ಮನೆ ಶಿವಮೊಗ್ಗದಲ್ಲಿದ್ದರೂ ಸರಿಯೆ. ಮಳೆ ಕೈಕೊಟ್ಟು ಆದಾಯ ಕುಸಿದರೆ, ಅಥವಾ ಮಗಳು ಕಾಲೇಜು ಸೇರಿ ಖರ್ಚು ಏರಿದರೆ, ಮೊತ್ತ ಬದಲಿಸಿಕೊಡಿ ಎಂದು ಇಬ್ಬರಲ್ಲಿ ಯಾರಾದರೂ ಮತ್ತೆ ಅದೇ ನ್ಯಾಯಾಲಯಕ್ಕೆ ಹೋಗಬಹುದು.