ಗಣಕಯಂತ್ರದ ಮುಯ್ಯಾಳುಗಳು

ನಾಟಿಯ ಕಾಲದಲ್ಲಿ ಒಬ್ಬನ ಗದ್ದೆಗೆ ನೆರೆಹೊರೆಯವರೆಲ್ಲ ಇಳಿಯುವುದೂ, ಮರುದಿನ ಆತನು ಅವರ ಗದ್ದೆಗೆ ಇಳಿಯುವುದೂ ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಈ ಮುಯ್ಯಾಳಿನ ಏರ್ಪಾಟಿನಲ್ಲಿ ಕೂಲಿಯ ಮಾತಿಲ್ಲ. ಋಣದ ನೆನಪು ಮಾತ್ರ ಉಂಟು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹುದೇ ಪದ್ಧತಿಯೊಂದು ಬೇರೂರಿದೆಯೆಂದರೆ ಹಲವರಿಗೆ ಅಚ್ಚರಿಯಾದೀತು. ಲಿನಕ್ಸ್ ಬಳಕೆದಾರರ ಬಳಗವೆಂಬುದು ಅದರ ಹೆಸರು.

ಕಾಗದ ಸಿಕ್ಕಿಕೊಂಡ ಕಥೆ

ಇದರ ಮೂಲದಲ್ಲಿರುವುದು ಹಟಮಾರಿಯಾದ ಒಂದು ಮುದ್ರಣಯಂತ್ರ. ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿ ಅದಕ್ಕೆ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನಡೆಸುವ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್ಮನ್ನರು ಮೂಲಪಾಠವನ್ನು ಬೇಡಿದರು. ಗುಟ್ಟು ಕಾಯುವ ಕರಾರಿಗೆ ಒಳಪಟ್ಟಿದ್ದ ವಿದ್ವಾಂಸರು ಕೊಡಲೊಲ್ಲದೆ ಹೋದರು. ಆ ಕಹಿ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಸ್ಟಾಲ್ಮನ್ನರು 'ಗ್ನೂ' ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ನಡೆಸುವ, ಅದರ ಒಳಗನ್ನು ಅರಿಯುವ, ತಿದ್ದುವ, ಇತರರಿಗೆ ಹಂಚುವ ಹಕ್ಕು ಬಳಸುವವರೆಲ್ಲರಿಗೂ ಇರಬೇಕೆಂಬುದೇ ಅದರ ತಿರುಳು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಲಿನಕ್ಸ್ ಇದರೊಡನೆ ಕೂಡಿ, ಇಡಿಯ ಯಂತ್ರವನ್ನೇ ನಡೆಸಬಲ್ಲ ವ್ಯವಸ್ಥೆಯಾಯಿತು.

ಇದನ್ನು ಪುಕ್ಕಟೆಯ ಮಾಲೆಂದು ತಿಳಿಯುವುದು ತಪ್ಪು. ಇಂಗ್ಲಿಷಿನಲ್ಲಿ ಬಿಟ್ಟಿಗೂ ಸ್ವಾತಂತ್ರ್ಯಕ್ಕೂ ಒಂದೇ ಪದವಿರುವುದರಿಂದ ಗೊಂದಲ. ಕನ್ನಡಕ್ಕೆ ಆ ಕಷ್ಟವಿಲ್ಲ.

ಕೈಯಿಂದ ಕೈಗೆ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು. ಅಂದಿನ ವೇಗವು ಬಸವನಹುಳುವಿನದು. ಆದುದರಿಂದ ಲಿನಕ್ಸ್ ಅಡಕಮುದ್ರಿಕೆಗಳ ರೂಪದಲ್ಲಿ ಕೈಯಿಂದ ಕೈಗೆ ಸಾಗುತ್ತಿತ್ತು. ರಜೆಯ ದಿನ ಕಾಲೇಜಿನ ಕೊಠಡಿಯೊಂದರಲ್ಲಿ ಯುವಕರು ತಮ್ಮ ಯಂತ್ರಗಳನ್ನು ಹೊತ್ತು ತರುವರು. ಬಲ್ಲವರು ಪಕ್ಕದಲ್ಲಿ ಕುಳಿತು ಲಿನಕ್ಸನ್ನು ಅಳವಡಿಸಿಕೊಡುವರು. ಇಂದು ಕಲಿತವನು ಮುಂದಿನ ಸಭೆಯಲ್ಲಿ ಕಲಿಸುವವನು. ಬೆಂಗಳೂರಿನ ಬಳಗವು 2001ರಲ್ಲಿ ಆರಂಭಿಸಿದ 'ಲಿನಕ್ಸ್ ಬೆಂಗಳೂರು' ಸಮ್ಮೇಳನವು 2005ರಲ್ಲಿ 'ಫಾಸ್ ಡಾಟ್ ಇನ್' ಎಂಬ ಹೆಸರು ತಳೆದು, 2012ರವರೆಗೆ ನಡೆಯಿತು.

ಕನ್ನಡಕ್ಕೇನು ಲಾಭ?

ತೆರೆಯ ಮೇಲೆ ಒತ್ತಕ್ಷರವೊಂದು ತನ್ನ ನೆಲೆ ತಪ್ಪಿ ಪಕ್ಕಕ್ಕೆ ಜರುಗಿತೆನ್ನೋಣ. ಮುಚ್ಚಿದ ತಂತ್ರಾಂಶವಾದರೆ ಮಾರಿದವರ ಕೃಪೆಗಾಗಿ ಕಾಯಬೇಕು. ತೆರೆದುದಾದರೆ ಬಲ್ಲ ಕನ್ನಡಿಗನೊಬ್ಬನು ತಿದ್ದಬಹುದು. ಆ ತಿದ್ದುಪಡಿ ಎಲ್ಲರ ಸೊತ್ತಾಗಬಹುದು. 'ಗುಬ್ಬಿ', 'ನವಿಲು' ಎಂಬ ಮುದ್ದಾದ ಹೆಸರುಗಳ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದ ಭಂಡಾರದಲ್ಲಿ ಯಾರು ಬೇಕಾದರೂ ಪಡೆಯುವಂತೆ ಇವೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳು ಕನ್ನಡದಲ್ಲಿ ಮಾತನಾಡುವಂತಾದುದು ಸ್ವಯಂಸೇವಕರ ದುಡಿಮೆಯಿಂದ.

ಸಂಸಾರಸ್ಥರಿಗೂ ಇದರಲ್ಲಿ ಪಾಲುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹೊಸ ಆವೃತ್ತಿಯನ್ನು ಹೊರಲಾರದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಮೂಲೆ ಸೇರುವಂತಾದುವು. ಮಕ್ಕಳ ಓದಿಗೆ, ಮನೆಯ ಲೆಕ್ಕಪತ್ರಕ್ಕೆ ಲಿನಕ್ಸಿನ ಬಲದಿಂದ ಅವು ಇನ್ನೂ ಕೆಲವು ವರುಷ ದುಡಿಯಬಲ್ಲುವು. ಮೊದಲ ಅಳವಡಿಕೆಗೆ ಅಂಜುವವರು ಬಳಗವೊಂದನ್ನು ಅರಸಿ ಹೋಗುವುದು ಲೇಸು. ಮುಖ್ಯವಾದ ಕಡತಗಳ ನಕಲನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕೆಂಬುದನ್ನು ಮಾತ್ರ ಮರೆಯಬಾರದು. ಅಲ್ಲಿ ಶುಲ್ಕವನ್ನು ಕೇಳುವವರು ವಿರಳ. ಮುಂದಿನ ಸಲ ಹೊಸಬನೊಬ್ಬನು ಬಂದಾಗ, ಅವನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಋಣ ತೀರಿತು.