ಬಾಟಲ್‌ಬ್ರಷ್ ಬೋನ್ಸಾಯ್

ಬಾಟಲ್‌ಬ್ರಷ್ ಬೋನ್ಸಾಯ್ ಎಂಬುದು ಆಸ್ಟ್ರೇಲಿಯಾ ಮೂಲದ ಬಾಟಲ್‌ಬ್ರಷ್ ಗಿಡವನ್ನು ಆಳವಿಲ್ಲದ ಕುಂಡದಲ್ಲಿ ಕುಬ್ಜ ಮರವಾಗಿ ಬೆಳೆಸುವ ಪದ್ಧತಿಯಾಗಿದೆ. ಸೀಸೆ ತೊಳೆಯುವ ಬ್ರಷ್ಷನ್ನು ಹೋಲುವ ಕೆಂಪು ಹೂಗೊಂಚಲು, ಬಿರುಕುಬಿಟ್ಟ ಒರಟು ತೊಗಟೆ ಹಾಗೂ ಹಳೆಯ ಕಾಂಡದಿಂದಲೂ ಚಿಗುರೊಡೆಯುವ ಗುಣ, ಇವುಗಳಿಂದಾಗಿ ಆಸ್ಟ್ರೇಲಿಯಾದ ಬೋನ್ಸಾಯ್ ಬೆಳೆಗಾರರಿಗೆ ಇದು ಪ್ರಿಯವಾದ ಸ್ವದೇಶಿ ಸಸ್ಯಗಳಲ್ಲಿ ಒಂದು. ಇದರ ಆರೈಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸವರುವ ಕಾಲ. ಹೂ ಬಾಡಿದ ಕೂಡಲೇ ಸವರಿದರೆ ಮರದ ಆಕಾರವೂ ಮುಂದಿನ ಹೂವೂ ಉಳಿಯುತ್ತವೆ. ತಡವಾಗಿ ಸವರಿದರೆ ಮೊಗ್ಗು ಕಟ್ಟಬೇಕಾದ ಕುಡಿಗಳೇ ಕತ್ತರಿಗೆ ಬಲಿಯಾಗುತ್ತವೆ.

ಹೆಸರು ಮತ್ತು ವರ್ಗೀಕರಣ

ಬಾಟಲ್‌ಬ್ರಷ್ ಗಿಡಗಳು ನೇರಳೆ, ಸೀಬೆ, ಲವಂಗ ಮತ್ತು ನೀಲಗಿರಿ ಮರಗಳು ಸೇರಿರುವ ಮಿರ್ಟೇಸೀ ಕುಟುಂಬಕ್ಕೆ ಸೇರಿವೆ. 1794ರಲ್ಲಿ ವಿಲಿಯಂ ಕರ್ಟಿಸ್ ಈ ಗುಂಪಿನ ಒಂದು ಪ್ರಭೇದವನ್ನು ಮೆಟ್ರೊಸಿಡೆರಾಸ್ ಸಿಟ್ರಿನ ಎಂಬ ಹೆಸರಿನಲ್ಲಿ ವರ್ಣಿಸಿದನು. 1814ರಲ್ಲಿ ರಾಬರ್ಟ್ ಬ್ರೌನ್ ಕ್ಯಾಲಿಸ್ಟೆಮಾನ್ ಎಂಬ ಜಾತಿಯನ್ನು ಸ್ಥಾಪಿಸಿದನು. ಗ್ರೀಕ್ ಮೂಲದ ಈ ಹೆಸರಿಗೆ ‘ಸುಂದರ ಕೇಸರ’ ಎಂದರ್ಥ. ಇತ್ತೀಚಿನ ವರ್ಗೀಕರಣದಲ್ಲಿ ಅನೇಕ ಸಸ್ಯವಿಜ್ಞಾನಿಗಳು ಈ ಪ್ರಭೇದಗಳನ್ನು ಮೆಲಲೂಕ ಜಾತಿಗೆ ಸೇರಿಸಿದ್ದಾರೆ. ಆದುದರಿಂದ ಒಂದೇ ಗಿಡ ಕ್ಯಾಲಿಸ್ಟೆಮಾನ್ ಸಿಟ್ರಿನಸ್ ಎಂದೂ ಮೆಲಲೂಕ ಸಿಟ್ರಿನ ಎಂದೂ ಕರೆಯಲ್ಪಡುತ್ತದೆ. ಇದರ ಎಲೆಯನ್ನು ಹಿಸುಕಿದಾಗ ನಿಂಬೆಯ ಪರಿಮಳ ಬರುವುದೇ ಹೆಸರಿನ ಉತ್ತರಾರ್ಧಕ್ಕೆ ಕಾರಣ.

ಬೋನ್ಸಾಯ್‌ಗೆ ಇದರೊಂದಿಗೆ ಕ್ಯಾಲಿಸ್ಟೆಮಾನ್ ವಿಮಿನಾಲಿಸ್ ಪ್ರಭೇದವೂ ಬಳಕೆಯಲ್ಲಿದೆ. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳ ಹಳ್ಳತೊರೆಗಳ ದಂಡೆಯಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ಇದರ ಗಿಡ್ಡ ತಳಿಯಾದ ‘ಲಿಟ್ಲ್ ಜಾನ್’ ಒತ್ತಾದ ಎಲೆಗಳಿಂದಾಗಿ ಸಣ್ಣ ಬೋನ್ಸಾಯ್‌ಗೂ ಒಪ್ಪುತ್ತದೆ.

ಹೂವಿನ ರಚನೆ

ಸವರುವಿಕೆಯ ನಿಯಮ ತಿಳಿಯಬೇಕಾದರೆ ಹೂವಿನ ರಚನೆಯನ್ನು ಅರಿಯಬೇಕು. ಬ್ರಷ್ಷಿನಂತೆ ಕಾಣುವುದು ಒಂದೇ ಹೂವಲ್ಲ. ರೆಂಬೆಯ ಸುತ್ತ ಒತ್ತಾಗಿ ಕುಳಿತ ಹಲವಾರು ಸಣ್ಣ ಹೂಗಳ ಮಂಜರಿ. ದಳಗಳು ಕಿರಿದಾಗಿದ್ದು ಬೇಗ ಉದುರುತ್ತವೆ. ಕಣ್ಸೆಳೆಯುವ ಕೆಂಪು ಬಣ್ಣ ಉದ್ದನೆಯ ಕೇಸರಗಳದು. ಆಸ್ಟ್ರೇಲಿಯಾದಲ್ಲಿ ಹನಿಈಟರ್ ಎಂಬ ಹಕ್ಕಿಗಳು ಮಕರಂದಕ್ಕಾಗಿ ಬಂದು ಪರಾಗಸ್ಪರ್ಶಕ್ಕೆ ನೆರವಾಗುತ್ತವೆ.

ಅನೇಕ ಸಸ್ಯಗಳಲ್ಲಿ ಹೂಗೊಂಚಲು ಬಂದಲ್ಲಿಗೆ ಆ ರೆಂಬೆಯ ಬೆಳವಣಿಗೆ ಮುಗಿಯುತ್ತದೆ. ಬಾಟಲ್‌ಬ್ರಷ್‌ನಲ್ಲಿ ಹಾಗಲ್ಲ. ಹೂಗಳು ಬಾಡುವ ಹೊತ್ತಿಗೆ ಮಂಜರಿಯ ತುದಿಯಿಂದಲೇ ಹೊಸ ಚಿಗುರು ಹೊರಟು ರೆಂಬೆ ಮುಂದುವರಿಯುತ್ತದೆ. ಹೂವಿದ್ದ ಭಾಗದಲ್ಲಿ ಗಟ್ಟಿಯಾದ ಬೀಜಕೋಶಗಳು ರೆಂಬೆಯನ್ನು ಅಪ್ಪಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಕೊಂಬೆ ಒಣಗಿದಾಗ ಅಥವಾ ಬೆಂಕಿಗೆ ಸಿಕ್ಕಿದಾಗ ಬಿರಿದು ಬೀಜ ಚೆಲ್ಲುತ್ತವೆ. ಈ ಭಾಗದಲ್ಲಿ ಎಲೆಗಳಿರುವುದಿಲ್ಲ. ಸವರದೆ ಬಿಟ್ಟ ಗಿಡದಲ್ಲಿ ಪ್ರತಿ ಹಂಗಾಮಿಗೂ ಹೂವು ಇನ್ನಷ್ಟು ಹೊರಕ್ಕೆ ಸರಿದು, ಒಳಗಿನ ರೆಂಬೆಗಳು ಬೋಳಾಗುತ್ತವೆ. ಕಾಡಿನ ಗಿಡಕ್ಕೆ ಇದರಿಂದ ಹಾನಿಯಿಲ್ಲ. ಬೋನ್ಸಾಯ್‌ನ ಆಕಾರ ಮಾತ್ರ ಕೆಲವೇ ವರ್ಷಗಳಲ್ಲಿ ಕೆಡುತ್ತದೆ.

ಸವರುವಿಕೆ

ಕೇಸರಗಳು ಬಣ್ಣಗುಂದಿ ಉದುರತೊಡಗಿದಾಗ ಮಂಜರಿಯ ಕೆಳಗೆ, ಎಲೆಗಳಿರುವ ಭಾಗದಲ್ಲಿ, ಹರಿತವಾದ ಕತ್ತರಿಯಿಂದ ರೆಂಬೆಯನ್ನು ಕತ್ತರಿಸಬೇಕು. ಕತ್ತರಿಸಿದ ಜಾಗದ ಹಿಂದಿನ ಎಲೆಕಂಕುಳುಗಳಿಂದ ಹಲವು ಚಿಗುರುಗಳು ಹೊರಡುತ್ತವೆ. ಒಂದು ರೆಂಬೆಯಿದ್ದಲ್ಲಿ ಹೀಗೆ ಎರಡು ಮೂರು ಕಿರುರೆಂಬೆಗಳಾಗಿ ಮರಕ್ಕೆ ದಟ್ಟವಾದ ಕವಲು ಬರುತ್ತದೆ. ಒಂದೇ ಜಾಗದಲ್ಲಿ ಹೆಚ್ಚು ಚಿಗುರುಗಳು ಬಂದರೆ ಎರಡನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಇಲ್ಲವಾದರೆ ಅಲ್ಲಿ ಗಂಟು ಕಟ್ಟುತ್ತದೆ.

ಹೊಸ ಚಿಗುರುಗಳು ನೀಳವಾದಾಗ ಕುಡಿಯನ್ನು ಒಂದೆರಡು ಬಾರಿ ಚಿವುಟಬಹುದು. ಅನಂತರ ಕತ್ತರಿಯನ್ನು ದೂರವಿಡಬೇಕು. ಮುಂದಿನ ಮೊಗ್ಗು ಮೂಡುವುದು ಬಲಿತ ಕುಡಿಗಳಲ್ಲಿ. ಗಿಡವನ್ನು ಸದಾ ನುಣುಪಾಗಿ ಕತ್ತರಿಸುತ್ತಿದ್ದರೆ ಅದು ಹಸಿರಾಗಿಯೇ ಇದ್ದು ಹೂ ಬಿಡುವುದಿಲ್ಲ. ಆರೋಗ್ಯವಂತ ಗಿಡವೊಂದು ಹೂ ಬಿಡದಿರಲು ಅಕಾಲದ ಸವರುವಿಕೆ ಮತ್ತು ಬಿಸಿಲಿನ ಕೊರತೆ ಸಾಮಾನ್ಯ ಕಾರಣಗಳು.

ಆಕಾರ ಇನ್ನೂ ರೂಪುಗೊಳ್ಳುತ್ತಿರುವ ಎಳೆಯ ಬೋನ್ಸಾಯ್‌ನಲ್ಲಿ ಕೆಲವು ವರ್ಷ ಹೂವಿನ ಆಸೆಯನ್ನು ಬಿಟ್ಟು ಕಾಂಡ ಮತ್ತು ಮುಖ್ಯ ಕೊಂಬೆಗಳ ಕಡೆಗೆ ಗಮನ ಕೊಡುವುದು ರೂಢಿ. ಬಲವಾದ ಗಿಡವು ದಪ್ಪ ಕಾಂಡವನ್ನು ಮೋಟಾಗಿ ಕಡಿದರೂ ಚಿಗುರುತ್ತದೆ. ಸೊರಗಿದ ಅಥವಾ ಆಗಷ್ಟೇ ಕುಂಡ ಬದಲಿಸಿದ ಗಿಡದಲ್ಲಿ ಈ ಪ್ರಯೋಗ ಸಲ್ಲದು.

ಸವರಿದರೆ ಎಲೆಗಳು ಸ್ವಲ್ಪ ಕಿರಿದಾಗುತ್ತವೆ. ಹೂಮಂಜರಿಯ ಗಾತ್ರ ಅಷ್ಟಾಗಿ ಕುಗ್ಗುವುದಿಲ್ಲ. ಅಂಗೈಯಗಲದ ಮರದಲ್ಲಿ ದೊಡ್ಡ ಬ್ರಷ್ ಅಸಹಜವಾಗಿ ಕಾಣುವುದರಿಂದ ಮಧ್ಯಮ ಮತ್ತು ದೊಡ್ಡ ಗಾತ್ರದ ಬೋನ್ಸಾಯ್‌ಗಳೇ ಇದಕ್ಕೆ ಹೊಂದುತ್ತವೆ.

ತಂತಿ ಸುತ್ತುವುದು

ಎಳೆಯ ರೆಂಬೆಗಳು ಸುಲಭವಾಗಿ ಬಾಗುತ್ತವೆ, ಬಲಿತವು ಬುಡದಲ್ಲಿ ಮುರಿಯುತ್ತವೆ. ಆದ್ದರಿಂದ ಅಲ್ಯೂಮಿನಿಯಂ ತಂತಿಯನ್ನು ಎಳವೆಯಲ್ಲಿಯೇ ಸುತ್ತಬೇಕು. ಬೆಳವಣಿಗೆಯ ಕಾಲದಲ್ಲಿ ರೆಂಬೆ ಬೇಗ ದಪ್ಪವಾಗುವುದರಿಂದ ತಂತಿ ತೊಗಟೆಗೆ ಕಚ್ಚದಂತೆ ಆಗಾಗ ಪರೀಕ್ಷಿಸಬೇಕು.

ಬಿಸಿಲು, ನೀರು ಮತ್ತು ಗೊಬ್ಬರ

ದಿನದ ಹೆಚ್ಚು ಭಾಗ ನೇರ ಬಿಸಿಲು ಬೀಳುವ ಹೊರಾಂಗಣವೇ ಇದಕ್ಕೆ ಸೂಕ್ತ. ಆಸ್ಟ್ರೇಲಿಯಾದ ಗಿಡವೆಂದರೆ ಬರಗಾಲಕ್ಕೆ ಒಗ್ಗಿದುದು ಎಂಬ ನಂಬಿಕೆಯಿಂದ ನೀರು ಕಡಿಮೆ ಮಾಡುವುದು ತಪ್ಪು. ನೆಲದಲ್ಲಿ ಬೇರು ಆಳಕ್ಕಿಳಿದ ಗಿಡ ಒಣಹವೆಯನ್ನು ತಾಳಬಲ್ಲದು; ಕೆಲವೇ ಅಂಗುಲ ಮಣ್ಣಿರುವ ಕುಂಡದಲ್ಲಿ ಆ ಆಸರೆಯಿಲ್ಲ. ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ನೀರು ಬೇಕಾಗಬಹುದು. ತೊರೆಯಂಚಿನ ಸಸ್ಯವಾದ ವಿಮಿನಾಲಿಸ್ ಅನ್ನು ಕಡುಬೇಸಿಗೆಯಲ್ಲಿ ನೀರಿರುವ ತಟ್ಟೆಯಲ್ಲಿ ಇರಿಸುವವರೂ ಇದ್ದಾರೆ. ಸೂಕ್ಷ್ಮಬೇರುಗಳು ಒಮ್ಮೆ ಪೂರ್ತಿ ಒಣಗಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ.

ಆಸ್ಟ್ರೇಲಿಯಾದ ಮಣ್ಣಿನಲ್ಲಿ ರಂಜಕ ಸಾಮಾನ್ಯವಾಗಿ ಕಡಿಮೆ. ಬ್ಯಾಂಕ್ಸಿಯಾದಂತಹ ಗಿಡಗಳಿಗೆ ರಂಜಕದ ಗೊಬ್ಬರ ವಿಷವಾಗುವುದುಂಟು. ಬಾಟಲ್‌ಬ್ರಷ್ ಅಷ್ಟು ಸೂಕ್ಷ್ಮವಲ್ಲದಿದ್ದರೂ ನಿಧಾನವಾಗಿ ಕರಗುವ, ರಂಜಕ ಕಡಿಮೆಯಿರುವ ಗೊಬ್ಬರವನ್ನು ಮಿತವಾಗಿ ಕೊಡುವುದು ಕ್ಷೇಮ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ದೊರೆಯದೆ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾಗುತ್ತವೆ. ಸ್ವಲ್ಪ ಹುಳಿ ಗುಣದ, ನೀರು ಬಸಿದುಹೋಗುವ ಮಿಶ್ರಣವೇ ಉತ್ತಮ.

ಕುಂಡ ಬದಲಾವಣೆ

ಮೇಪಲ್ ಮುಂತಾದ ಎಲೆಯುದುರುವ ಜಪಾನೀ ಬೋನ್ಸಾಯ್‌ಗಳ ಕುಂಡವನ್ನು ಚಳಿಗಾಲದ ಕೊನೆಯಲ್ಲಿ, ಮೊಗ್ಗೊಡೆಯುವ ಮೊದಲು ಬದಲಿಸುವುದು ಸಂಪ್ರದಾಯ. ನಿತ್ಯಹರಿದ್ವರ್ಣದ ಬಾಟಲ್‌ಬ್ರಷ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಹವೆ ಬೆಚ್ಚಗಾಗಿ ಗಿಡ ಚುರುಕಾಗಿ ಬೆಳೆಯುತ್ತಿರುವಾಗ ಬೇರು ಕತ್ತರಿಸಿದರೆ ಗಾಯ ಬೇಗ ಮಾಯುತ್ತದೆ. ಒಮ್ಮೆಗೆ ಬೇರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ, ಕೆಲಸದುದ್ದಕ್ಕೂ ಬೇರುಗಳನ್ನು ತೇವವಾಗಿಟ್ಟು, ಅನಂತರ ಕೆಲವು ವಾರ ಗಿಡವನ್ನು ಗಾಳಿ ಮತ್ತು ಉರಿಬಿಸಿಲಿನಿಂದ ರಕ್ಷಿಸಬೇಕು.

ಕೀಟ ಮತ್ತು ರೋಗ

ಶಲ್ಕ ಕೀಟಗಳು ರಸ ಹೀರಿ ಸ್ರವಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಿಡ ಚಿಕ್ಕದಾಗಿರುವುದರಿಂದ ಒದ್ದೆ ಬಟ್ಟೆ ಅಥವಾ ಮೆದು ಬ್ರಷ್ಷಿನಿಂದಲೇ ಇವುಗಳನ್ನು ತೆಗೆಯಬಹುದು. ಆಸ್ಟ್ರೇಲಿಯಾದಲ್ಲಿ ಗರಗಸ ನೊಣದ ಮರಿಹುಳುಗಳು ಗುಂಪಾಗಿ ಎಲೆ ತಿನ್ನುತ್ತವೆ. ಮಿರ್ಟೇಸೀ ಕುಟುಂಬಕ್ಕೆ ತಗಲುವ ಮಿರ್ಟಲ್ ತುಕ್ಕು ರೋಗ 2010ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಣಿಸಿಕೊಂಡಿತು. ಎಳೆಯ ಚಿಗುರಿನ ಮೇಲೆ ಹಳದಿ ಪುಡಿಯಂತಹ ಬೀಜಾಣುಗಳು ಇದರ ಲಕ್ಷಣ. ಸವರಿದ ಬಳಿಕ ಒಮ್ಮೆಗೇ ಬರುವ ಹೊಸ ಚಿಗುರೇ ಇದಕ್ಕೆ ಸುಲಭವಾಗಿ ತುತ್ತಾಗುವುದರಿಂದ ಆ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು.

ಇತರ ಪ್ರದೇಶಗಳಲ್ಲಿ

ಕ್ಯಾನ್‌ಬೆರಾದ ರಾಷ್ಟ್ರೀಯ ಸಸ್ಯೋದ್ಯಾನವಾದ ನ್ಯಾಷನಲ್ ಆರ್ಬೊರೇಟಂನ ಬೋನ್ಸಾಯ್ ಸಂಗ್ರಹದಲ್ಲಿ ಆಸ್ಟ್ರೇಲಿಯಾದ ಸ್ವದೇಶಿ ಮರಗಳಿಗೂ ಸ್ಥಾನವಿದೆ. ಬಾಟಲ್‌ಬ್ರಷ್ ಬೆಂಗಳೂರಿನ ಉದ್ಯಾನಗಳಲ್ಲಿಯೂ ಅಲಂಕಾರದ ಮರವಾಗಿ ಪರಿಚಿತವಾಗಿದೆ. ಆಸ್ಟ್ರೇಲಿಯಾದ ವಸಂತವು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇರುವುದರಿಂದ ಅಲ್ಲಿನ ಕೈಪಿಡಿಗಳ ತಿಂಗಳುಗಳನ್ನು ಭಾರತದಲ್ಲಿ ಹಾಗೆಯೇ ಅನುಸರಿಸಲಾಗದು. ಆದರೆ ಹೂ ಬಾಡಿದಾಗ ಸವರುವುದು, ಚಿಗುರು ಚುರುಕಾಗಿರುವಾಗ ಕುಂಡ ಬದಲಿಸುವುದು ಎಂಬ ನಿಯಮಗಳು ಎರಡೂ ಕಡೆ ಸಲ್ಲುತ್ತವೆ.