ದಾವಣಗೆರೆಗೆ ಎಂಟು ಕೀಲಿ, ಹರಿಹರಕ್ಕೆ ಐದು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಈ ಎರಡು ಊರುಗಳ ಹೆಸರನ್ನು ಗಣಕಯಂತ್ರದಲ್ಲಿ ಕನ್ನಡದಲ್ಲೇ ಮೂಡಿಸಲು ಎಷ್ಟು ಕೀಲಿಗಳನ್ನು ಒತ್ತಬೇಕು? ಈ ಪುಟ್ಟ ಪ್ರಶ್ನೆಯ ಹಿಂದೆ ಒಬ್ಬ ತಂತ್ರಜ್ಞರ ಭಾಷಾಪ್ರೀತಿಯ ಕಥೆಯಿದೆ.

ಮೊದಲು ಸಮಸ್ಯೆಯೇನೆಂದು ನೋಡೋಣ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳು ಬೇರೆ. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡು ತುಂಡು ಆಕಾರಗಳಿಗೆ, ಅಂದರೆ ಕೊಂಬು, ದೀರ್ಘ, ಒತ್ತುಗಳಿಗೆ, ಪ್ರತ್ಯೇಕ ಕೀಲಿಗಳಿದ್ದವು. ಅವುಗಳ ಜಾಗ ನೆನಪಿಡುವುದಕ್ಕೇ ತಿಂಗಳುಗಟ್ಟಲೆ ಅಭ್ಯಾಸ ಬೇಕಿತ್ತು.

ಇದಕ್ಕೆ ಸುಲಭದ ದಾರಿ ತೋರಿದವರು ನಾಡೋಜ ಕೆ. ಪಿ. ರಾವ್. 1940ರಲ್ಲಿ ಜನಿಸಿದ ಇವರ ಊರು ಮಂಗಳೂರಿನ ಸಮೀಪದ ಕಿನ್ನಿಕಂಬಳ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುದ್ರಣ ಕ್ಷೇತ್ರದಲ್ಲೂ ದುಡಿದವರು. ಉದ್ಯೋಗ ತಂತ್ರಜ್ಞಾನದ್ದು, ಮನಸ್ಸು ಮಾತ್ರ ಲಿಪಿ, ವ್ಯಾಕರಣಗಳ ಕಡೆಗೆ. ವ್ಯಾಕರಣ, ಛಂದಸ್ಸುಗಳ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರು ಅವರ ಗುರುಗಳು.

ಆ ವ್ಯಾಕರಣವೇ ಕೀಲಿಮಣೆಗೆ ಬೆಳಕಾಯಿತು. ನಾವು ಅಕ್ಷರವನ್ನು ಆಕಾರವಾಗಿ ಬರೆದರೂ ನುಡಿಯುವುದು ಧ್ವನಿಯಾಗಿ ತಾನೆ? ಆದ್ದರಿಂದ ರಾಯರು ಕೀಲಿಗಳ ಮೇಲೆ ಮೂಲಧ್ವನಿಗಳನ್ನಷ್ಟೇ ಇಟ್ಟರು. ಆಕಾರ ಜೋಡಿಸುವ ಕೆಲಸವನ್ನು ತಂತ್ರಾಂಶಕ್ಕೆ ಬಿಟ್ಟರು. ಇಂಗ್ಲಿಷಿನ ‘ಕೆ’ ಕೀಲಿಯಲ್ಲಿ ಕ. ಶಿಫ್ಟ್ ಜೊತೆಗೆ ಒತ್ತಿದರೆ ಖ. ಹ್ರಸ್ವ ಸ್ವರದ ಕೀಲಿಯೇ ಶಿಫ್ಟ್ ಸೇರಿದರೆ ದೀರ್ಘ. ಒತ್ತಕ್ಷರ ಬೇಕೆಂದರೆ ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿ. 26 ಕೀಲಿಗಳಲ್ಲಿ ಇಡೀ ಕನ್ನಡ!

ಈಗ ಲೆಕ್ಕ ಹಾಕಿ. ಹರಿಹರ ಎಂದರೆ ಹ, ರ, ಇ, ಹ, ರ: ಐದು ಕೀಲಿ. ದಾವಣಗೆರೆ ಎಂದರೆ ದ, ಆ, ವ, ಣ, ಗ, ಎ, ರ, ಎ: ಶಿಫ್ಟ್ ಕೀಲಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಂಟು. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹತ್ತು ಬೇಕು.

ರಾವ್ ತಮ್ಮ ತಂತ್ರಾಂಶಕ್ಕೆ ಗುರುವಿನ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಅವರ ವಿನ್ಯಾಸವೇ ಕೆಲವು ಮಾರ್ಪಾಟುಗಳೊಂದಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಸೇರಿ, ಕರ್ನಾಟಕ ಸರ್ಕಾರದ ಮಾನ್ಯತೆಯನ್ನೂ ಪಡೆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ಇಂಥ ಆಸಕ್ತಿ ಒಬ್ಬರದೇ ಅಲ್ಲ. ತಂತ್ರಾಂಶ ಎಂಜಿನಿಯರ್ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ‘ಬರಹ’ವನ್ನು ಹೊರತಂದರು. ಹೊರದೇಶಗಳಲ್ಲಿದ್ದ ಎಷ್ಟೋ ಕನ್ನಡಿಗರು ಗಣಕದಲ್ಲಿ ಮೊದಲ ಕನ್ನಡ ಸಾಲು ಬರೆದದ್ದು ಅದರಿಂದಲೇ.

ವಿದ್ಯಾರ್ಥಿ ಮಿತ್ರರೇ, ಇಂದು ಮೊಬೈಲಿನಲ್ಲೂ ಕನ್ನಡವಿದೆ. ಆದರೂ ‘ನಾಳೆ ಬರ್ತೀನಿ’ ಎಂಬುದನ್ನು ನಮ್ಮಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತೇವೆ. ಅಲ್ಲಿ ನ ಮತ್ತು ಣ, ಲ ಮತ್ತು ಳ ಒಂದೇ ಆಗಿಬಿಡುತ್ತವೆ. ದಿನಬಳಕೆ ತಪ್ಪಿದ ಲಿಪಿಯನ್ನು ಯಾವ ಯಂತ್ರವೂ ಉಳಿಸಿಕೊಡಲಾರದು. ವಿಜ್ಞಾನ ಓದುವವರು ವ್ಯಾಕರಣ ತಮಗಲ್ಲವೆಂದೂ, ಸಾಹಿತ್ಯ ಓದುವವರು ಗಣಕ ತಮಗಲ್ಲವೆಂದೂ ದೂರ ಸರಿಯಬೇಕಾಗಿಲ್ಲ. ಈ ಕೀಲಿಮಣೆ ಹುಟ್ಟಿದ್ದೇ ಅವೆರಡೂ ಕೂಡಿದಾಗ.

ಕೊನೆಯಲ್ಲಿ ಒಂದು ಅಭ್ಯಾಸ. ಹರಿಹರದಲ್ಲಿ 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ದೇವಾಲಯವಿದೆ. ಅದರ ಆವರಣದಲ್ಲಿ ಕನ್ನಡದ ಶಿಲಾಶಾಸನಗಳಿವೆ. ಆ ದೇವರ ಹೆಸರು ಹರಿಹರೇಶ್ವರ. ನುಡಿ ವಿನ್ಯಾಸದಲ್ಲಿ ಇದಕ್ಕೆ ಎಷ್ಟು ಕೀಲಿಗಳು ಬೇಕು? ‘ಶ್ವ’ದ ನಡುವಿನ ‘ಎಫ್’ ಮರೆಯದಿದ್ದರೆ ನಿಮ್ಮ ಉತ್ತರ ಹತ್ತು ಆಗಿರುತ್ತದೆ.